ರಂಗನತಿಟ್ಟು ಹೇಗಾಯ್ತು?



ರಂಗನತಿಟ್ಟನ್ನು ನಮ್ಮಲ್ಲಿ ತುಂಬಾ ಜನ ನೋಡಿದ್ದೀರಿ. ಆದರೆ ಹೊಳೆ ಮಧ್ಯೆ ಆ ತಿಟ್ಟುಗಳು ಹೇಗಾದವು ಅಂತ ಕೇಳಿದರೆ ‘ಮೊದಲಿಂದ ಇದ್ದವು’ ಅಂತಾರೆ. ಹಾಗಲ್ಲ. ಅವು ಬೇಸಾಯದಿಂದ ಆದವು.

1645ರಿಂದ 1648ರ ಒಳಗೆ ಮೈಸೂರಿನ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿಸಿದರು. ಹೊಳೆ ನೀರು ಕಟ್ಟೆಗೆ ತಡೆದು ನಿಂತು ಮೇಲೇರಿದರೆ ನಾಲೆಗೆ ತಿರುಗುತ್ತದೆ, ನಾಲೆಯಿಂದ ಗದ್ದೆಗೆ ಹೋಗುತ್ತದೆ. ನೀರು ನಿಂತಾಗ ತಗ್ಗಿನ ಜಾಗ ಮುಳುಗಿತು, ಎತ್ತರದ ಜಾಗ ಉಳಿಯಿತು. ತಿಟ್ಟು ಅಂದರೆ ಎತ್ತರದ ಜಾಗ.

ಹಕ್ಕಿಗಳು ಅಲ್ಲಿಗೇ ಬರಲು ಮೂರು ಕಾರಣ ಇವೆ.

1. ಭಯವಿಲ್ಲ: ಸುತ್ತಲೂ ನೀರು. ನಾಯಿ, ನರಿ, ಕಾಡುಬೆಕ್ಕು ಸುಲಭವಾಗಿ ದಾಟಲಾರವು. ನೀರಿನಲ್ಲಿ ಮೊಸಳೆ ಬೇರೆ ಇವೆ!

2. ಮರ: ಹೊಳೆಮತ್ತಿ ಮರ, ಬಿದಿರುಮೆಳೆ ನೀರಿನ ಮೇಲೆ ಬಾಗಿರುತ್ತವೆ. ಗೂಡಿಗೆ ಒಳ್ಳೆ ಜಾಗ.

3. ಊಟ: ಹೊಳೆಯಲ್ಲಿ ಮೀನು, ಗದ್ದೆಯಲ್ಲಿ ಕಪ್ಪೆ, ಬಸವನಹುಳು. ಬಾಯ್ಕಳಕ ಕೊಕ್ಕರೆಯ ಕೊಕ್ಕು ಪೂರ್ತಿ ಮುಚ್ಚಲ್ಲ, ಮಧ್ಯೆ ಸಂದು ಇರುತ್ತದೆ. ಅದರ ಮುಖ್ಯ ಊಟವೇ ಬಸವನಹುಳು. ಬಣ್ಣದ ಕೊಕ್ಕರೆ ಕೊಕ್ಕನ್ನು ಅರ್ಧ ತೆರೆದು ನೀರಿಗೆ ಇಟ್ಟಿರುತ್ತದೆ, ಮೀನು ತಾಗಿದ ತಕ್ಷಣ ಕಚ್ಚುತ್ತದೆ. ಚಮಚದ ಕೊಕ್ಕಿನದು ಕೊಕ್ಕನ್ನು ನೀರಿನಲ್ಲಿ ಆ ಕಡೆ ಈ ಕಡೆ ಬೀಸಿ ಹುಡುಕುತ್ತದೆ.

ಹೀಗೆ ಗದ್ದೆಗೆ ಅಂತ ಕಟ್ಟಿದ ಕಟ್ಟೆಯೇ ಹಕ್ಕಿಗೆ ಮನೆ ಕೊಟ್ಟಿತು. ಅದೇ ನೀರಿನ ಗದ್ದೆ ಊಟ ಕೊಟ್ಟಿತು.

ಪಕ್ಷಿತಜ್ಞ ಸಲೀಂ ಅಲಿಯವರು ಇದನ್ನು ನೋಡಿ ಮೈಸೂರು ಮಹಾರಾಜರಿಗೆ ಹೇಳಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ. ನಮ್ಮ ರಾಜ್ಯದಿಂದ ಮೊದಲು ಸೇರಿದ್ದು ಇದೇ. ಇಲ್ಲಿ 225ಕ್ಕೂ ಹೆಚ್ಚು ಜಾತಿಯ ಹಕ್ಕಿ ಇವೆ. ಎಲ್ಲವೂ ಪರದೇಶದಿಂದ ಬರುತ್ತವೆ ಅನ್ನೋದು ತಪ್ಪು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ನಮ್ಮ ದೇಶದವೇ.

ಆದರೆ ನೀರು ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ. ಮೇಲುಗಡೆ ಕನ್ನಂಬಾಡಿ ಕಟ್ಟೆ ಇದೆ. 2019ರ ಆಗಸ್ಟ್‌ನಲ್ಲಿ ಅದು ತುಂಬಿ ಲಕ್ಷ ಕ್ಯುಸೆಕ್‌ಗೂ ಮೀರಿ ನೀರು ಬಿಟ್ಟರು. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷ ಕ್ಯುಸೆಕ್ ಎಷ್ಟು ಅಂತ ನೀವೇ ಲೆಕ್ಕ ಮಾಡಿ. ತಿಟ್ಟುಗಳು ಮುಳುಗಿದವು. ಇಂಥ ಪ್ರವಾಹಕ್ಕೆ ತಗ್ಗಿನ ಗೂಡು, ಮೊಟ್ಟೆ, ಮರಿ ಕೊಚ್ಚಿ ಹೋಗುತ್ತವೆ, ತಿಟ್ಟಿನ ಮಣ್ಣೂ ಕೊರೆಯುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರೈತರಿಗೇ ನಾಲೆ ನೀರು ಸಾಲದಾಯಿತು. ಗದ್ದೆ ಒಣಗಿದರೆ ಬಸವನಹುಳು ಎಲ್ಲಿ?

ನಮ್ಮಪ್ಪ ‘ಕೊಕ್ಕರೆ ಪೈರು ತುಳೀತವೆ’ ಅಂತ ಬೈತಾರೆ. ತುಳಿಯೋದೂ ನಿಜ. ನಾಟಿ ಹಾಕಿದ ಹೊಸದರಲ್ಲಿ ಎಳೇ ಪೈರು ಕೆಸರಿಗೆ ಹೋಗುತ್ತದೆ. ಆದರೆ ಬಾಯ್ಕಳಕ ಭತ್ತ ತಿನ್ನಲ್ಲ, ಪೈರು ತಿನ್ನೋ ಹುಳುವನ್ನೇ ತಿನ್ನುತ್ತದೆ. ಹಾಗಾಗಿ ಪೈರು ಬೇರು ಹಿಡಿಯೋ ತನಕ ಕೂಗಿ ಓಡಿಸಿದರೆ ಸಾಕು ಅಂತ ನನ್ನ ಅಭಿಪ್ರಾಯ. ವಿಷ ಹಾಕಿದರೆ ಅದು ಹುಳುವಿನಿಂದ ಹಕ್ಕಿಗೆ, ಹಕ್ಕಿಯಿಂದ ಮರಿಗೆ ಹೋಗುತ್ತದೆ. ಗದ್ದೆಯಿಂದ ಬಸಿದ ನೀರು ಹೊಳೆಗೇ ಸೇರುತ್ತದೆ. ಅದೇ ಹೊಳೆ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ.

ಆದ್ದರಿಂದ ಸ್ನೇಹಿತರೇ, ಕವಣೆ ಬೀಸಬೇಡಿ, ಗೂಡಿರುವ ಮರದ ಹತ್ತಿರ ಪಟಾಕಿ ಹೊಡೆಯಬೇಡಿ, ಪ್ಲಾಸ್ಟಿಕ್ ಕವರನ್ನು ನಾಲೆಗೆ ಎಸೆಯಬೇಡಿ. ಗದ್ದೆಗೆ ಔಷಧಿ ಹೊಡೆಯುವ ಮುಂಚೆ ಹುಳು ಎಷ್ಟಿದೆ ಅಂತ ನೋಡಿ ಹೊಡೆಯಿರಿ ಎಂದು ಮನೆಯಲ್ಲಿ ಹೇಳಿ.

– 7ನೇ ತರಗತಿ