ಪರೀಕ್ಷಾರ್ಥ ಡಿಸ್ಕ್ ಡ್ರೈವರುಗಳ ವಿಶ್ವಾಸಾರ್ಹತೆ: ಲಿನಕ್ಸ್ ಕರ್ನೆಲ್ಲಿನ ಒಂದು ನಿದರ್ಶನ

ಇತಿಹಾಸವನ್ನು ಬೋಧಿಸುವವನು ಕಂಪ್ಯೂಟರಿನ ಒಳಗಿನ ವ್ಯವಹಾರವನ್ನು ಕುರಿತು ಬರೆಯಹೊರಟುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಇಂದು ಶಾಸನಗಳ ಛಾಯಾಚಿತ್ರಗಳು, ಓಲೆಗರಿಗಳ ಪ್ರತಿಬಿಂಬಗಳು, ಪತ್ರಾಗಾರಗಳಲ್ಲಿ ಕುಳಿತು ಮಾಡಿಕೊಂಡ ಟಿಪ್ಪಣಿಗಳು, ವಿದ್ಯಾರ್ಥಿಗಳ ಪ್ರಬಂಧಗಳು ಎಲ್ಲವೂ ಡಿಸ್ಕುಗಳ ಆಶ್ರಯದಲ್ಲಿಯೇ ಇವೆ. ಅಚ್ಚಾದ ಸಂಪುಟದಲ್ಲಿ ಶಾಸನದ ಒಂದು ಪಂಕ್ತಿಯನ್ನು ತಪ್ಪಾಗಿ ಓದಿದ್ದರೆ ಮರಳಿ ಕಲ್ಲಿನ ಬಳಿಗೆ ಹೋಗಿ ತಿದ್ದಿಕೊಳ್ಳಬಹುದು. ಡಿಸ್ಕಿನಲ್ಲಿ ಮಾತ್ರವೇ ಇರುವ ದಾಖಲೆಗೆ ಅಂತಹ ಕಲ್ಲು ಇಲ್ಲ. ಆದುದರಿಂದ ನಾವು ಬರೆದುದಕ್ಕೂ ಡಿಸ್ಕಿನಲ್ಲಿ ನಿಂತುದಕ್ಕೂ ನಡುವೆ ಯಾರ ಕೈಗಳಿವೆ, ಅವುಗಳಲ್ಲಿ 'ಪರೀಕ್ಷಾರ್ಥ' ಎಂಬ ಹಣೆಪಟ್ಟಿಯುಳ್ಳವುಗಳನ್ನೂ ಇಲ್ಲದವುಗಳನ್ನೂ ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಆಕರ ಸಾಮಗ್ರಿಯನ್ನು ಅವಲಂಬಿಸಿದ ಎಲ್ಲರಿಗೂ ಸೇರಿದುದಾಗಿದೆ.

ಈ ವಿವೇಚನೆಗೆ ಲಿನಕ್ಸ್ ಕರ್ನೆಲ್ಲನ್ನು ಆರಿಸಿಕೊಂಡಿದ್ದೇನೆ. 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಈ ಕರ್ನೆಲ್ ಇಂದು ಆಂಡ್ರಾಯ್ಡ್ ಫೋನುಗಳಿಂದ ಹಿಡಿದು ಭಾರಿ ಸರ್ವರುಗಳವರೆಗೆ ಹರಡಿದೆ. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ಆಗುವ ಬದಲಾವಣೆಗಳೆಲ್ಲ ಮಾಡಿದವರ ಹೆಸರು, ದಿನಾಂಕ, ಕಾರಣಗಳೊಡನೆ ಬಹಿರಂಗವಾಗಿ ದಾಖಲಾಗುತ್ತವೆ. ಇಷ್ಟು ಸಮೃದ್ಧವಾದ ಆಕರವು ಇತಿಹಾಸಕಾರನಿಗೆ ದೊರೆಯುವುದು ಅಪರೂಪ.

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಉಳಿದ ಪ್ರೋಗ್ರಾಮುಗಳೆಲ್ಲವೂ ಅದರ ಅಪ್ಪಣೆಯ ಮೂಲಕವೇ ಯಂತ್ರದ ಭಾಗಗಳನ್ನು ಮುಟ್ಟಬೇಕು. ನಾವು ಒಂದು ಫೈಲನ್ನು ಉಳಿಸಿದಾಗ ಅದು ಮೊದಲು ಫೈಲ್ ಸಿಸ್ಟಮ್ಮಿಗೆ ಹೋಗುವುದು. ಯಾವ ಭಾಗ ಡಿಸ್ಕಿನ ಯಾವ ಸ್ಥಾನದಲ್ಲಿರಬೇಕೆಂದು ಅದು ಗೊತ್ತುಮಾಡುವುದು. ಅದರ ಕೆಳಗೆ ಬ್ಲಾಕ್ ಪದರವೆಂಬ ಸ್ತರವು ಬೇಡಿಕೆಗಳನ್ನು ಸಾಲಾಗಿ ನಿಲ್ಲಿಸಿ, ಅಕ್ಕಪಕ್ಕದ ಸ್ಥಾನಗಳಿಗೆ ಸೇರಿದವುಗಳನ್ನು ಕೂಡಿಸಿ, ಕೆಳಕ್ಕೆ ಕಳುಹಿಸುವುದು. ಕಟ್ಟಕಡೆಯಲ್ಲಿ ಆಯಾ ಡಿಸ್ಕಿನ ಭಾಷೆಯನ್ನು ಬಲ್ಲ ಡ್ರೈವರ್ ಇರುವುದು. ಇವೆಲ್ಲವೂ ಕರ್ನೆಲ್ಲಿನ ಒಳಗೇ, ಒಂದೇ ಅಧಿಕಾರದಿಂದ ಓಡುವುವು. ಒಂದರ ತಪ್ಪನ್ನು ಇನ್ನೊಂದು ತಡೆಯುವಂತಹ ಗೋಡೆಗಳು ಅಲ್ಲಿಲ್ಲ.

ಡ್ರೈವರುಗಳಲ್ಲಿ ಡಿಸ್ಕಿಗೆ ಸಂಬಂಧಿಸಿದವುಗಳ ತಪ್ಪಿಗೆ ಒಂದು ವಿಶೇಷ ಲಕ್ಷಣವುಂಟು. ಪರದೆಯ ಡ್ರೈವರ್ ಕೆಟ್ಟರೆ ಚಿತ್ರ ಚೆದರಿದುದು ಕೂಡಲೇ ಕಣ್ಣಿಗೆ ಬೀಳುವುದು. ಧ್ವನಿಯ ಡ್ರೈವರ್ ಕೆಟ್ಟರೆ ಮೌನವೇ ದೂರು ಹೇಳುವುದು. ಡಿಸ್ಕಿಗೆ ಬರೆಯುವ ಹಾದಿಯಲ್ಲಿ ತಪ್ಪಾದರೆ ಮಾತ್ರ ಆ ದಿನ ಏನೂ ತೋರದೆ ಇರಬಹುದು. 'ಬರೆದುದಾಯಿತು' ಎಂಬ ರಶೀದಿ ಬಂದಿರುವುದು. ಬರೆದಿರುವುದು ಮಾತ್ರ ಬೇರೆಯಾಗಿರುವುದು. ಎಷ್ಟೋ ತಿಂಗಳ ಮೇಲೆ ಆ ಫೈಲನ್ನು ತೆರೆದಾಗ ತಪ್ಪು ಹೊರಬೀಳುವುದು. ಅಷ್ಟರಲ್ಲಿ ಕೆಟ್ಟ ಪ್ರತಿಯೇ ಬ್ಯಾಕಪ್ಪಿಗೂ ಸೇರಿ ಒಳ್ಳೆಯ ಪ್ರತಿಯನ್ನು ಅಳಿಸಿರಬಹುದು. ಲಿಪಿಕಾರನ ಸ್ಖಾಲಿತ್ಯವು ಒಂದು ಪ್ರತಿಯಿಂದ ಮುಂದಿನ ಪ್ರತಿಗಳಿಗೆಲ್ಲ ಇಳಿದು ಬರುವುದನ್ನು ಬಲ್ಲವರಿಗೆ ಇದು ಹೊಸದೇನೂ ಅಲ್ಲ.

ಇನ್ನು ಹಣೆಪಟ್ಟಿಯ ವಿಚಾರ. ಬಹುಕಾಲದವರೆಗೆ ಲಿನಕ್ಸಿನಲ್ಲಿ ಕರ್ನೆಲ್ಲನ್ನು ಕಟ್ಟುವವರಿಗೆ ಒಂದು ಪ್ರಶ್ನೆಯನ್ನು ಒಡ್ಡಲಾಗುತ್ತಿದ್ದಿತು: ಇನ್ನೂ ಪೂರ್ಣಗೊಳ್ಳದ, ಬೆಳೆಯುತ್ತಿರುವ ಡ್ರೈವರುಗಳನ್ನು ನಿಮಗೆ ತೋರಿಸಬೇಕೆ? ಹೌದೆಂದವರಿಗೆ ಮಾತ್ರ 'ಪರೀಕ್ಷಾರ್ಥ' ವರ್ಗದವು ಕಾಣಿಸುತ್ತಿದ್ದುವು. ಉದ್ದೇಶ ಒಳ್ಳೆಯದೇ. ಆದರೆ ನಡೆದುದು ಬೇರೆ. ಜನರಿಗೆ ಬೇಕಾದ ಅನೇಕ ಡ್ರೈವರುಗಳು ಈ ವರ್ಗದಲ್ಲಿಯೇ ವರ್ಷಗಟ್ಟಲೆ ಉಳಿದುವು. ಕರ್ನೆಲ್ಲನ್ನು ಸಿದ್ಧಪಡಿಸಿ ಹಂಚುವ ಸಂಸ್ಥೆಗಳು ಅನಿವಾರ್ಯವಾಗಿ ಹೌದೆಂದೇ ಉತ್ತರಿಸತೊಡಗಿದುವು. ಎಲ್ಲರೂ ಹೌದೆನ್ನುವ ಎಚ್ಚರಿಕೆ ಎಚ್ಚರಿಕೆಯಾಗಿ ಉಳಿಯುವುದು ಹೇಗೆ? 2012-13ರಲ್ಲಿ ಕೀಸ್ ಕುಕ್ ಅವರ ಪ್ರಯತ್ನದಿಂದ ಈ ಪ್ರಶ್ನೆಯನ್ನೇ ತೆಗೆದುಹಾಕಲಾಯಿತು.

ಅದಕ್ಕೂ ಮೊದಲು, 2008ರ ಡಿಸೆಂಬರಿನಲ್ಲಿ ಹೊರಬಂದ 2.6.28ನೆಯ ಆವೃತ್ತಿಯಲ್ಲಿ, ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರ ನೇತೃತ್ವದಲ್ಲಿ 'ಸ್ಟೇಜಿಂಗ್' ಎಂಬ ಪ್ರತ್ಯೇಕ ವಿಭಾಗವೊಂದು ಏರ್ಪಟ್ಟಿದ್ದಿತು. ಅಪಕ್ವವಾದ ಡ್ರೈವರುಗಳಿಗೆ ಅದೊಂದು ಹೊರಜಗಲಿ. ಅಲ್ಲಿನ ಡ್ರೈವರೊಂದನ್ನು ಒಳಕ್ಕೆ ಕರೆದೊಡನೆ ಕರ್ನೆಲ್ ತನ್ನ ಮೇಲೆ ಕಳಂಕದ ಗುರುತೊಂದನ್ನು ತಾನೇ ಹಾಕಿಕೊಳ್ಳುವುದು. ಮುಂದೆ ಕುಸಿತದ ವರದಿ ಬಂದಾಗ ಆ ಗುರುತು ವರದಿಯಲ್ಲಿ ಕಾಣಿಸುವುದು. ಸಾಕ್ಷಿ ಹೇಳುವವನು ತನ್ನ ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡಂತಾಯಿತು. ನನಗೆ ಈ ಏರ್ಪಾಡು ಹಿಂದಿನದಕ್ಕಿಂತ ಬಹಳ ಮೆಚ್ಚಿಗೆಯಾದುದು.

ಈಗ ಮುಖ್ಯ ನಿದರ್ಶನಕ್ಕೆ ಬರೋಣ. ತಿರುಗುವ ತಟ್ಟೆಯ ಡಿಸ್ಕು ಕ್ಷಣಕ್ಕೆ ನೂರಿನ್ನೂರು ಬೇಡಿಕೆಗಳನ್ನು ಪೂರೈಸುತ್ತಿದ್ದ ಕಾಲದಲ್ಲಿ ಬ್ಲಾಕ್ ಪದರಕ್ಕೆ ಒಂದೇ ಸಾಲು ಸಾಕಾಗಿದ್ದಿತು. ಅರೆವಾಹಕ ಡಿಸ್ಕುಗಳು ಬಂದು, ಬೇಡಿಕೆಗಳ ಸಂಖ್ಯೆ ಲಕ್ಷಗಳಿಗೆ ಏರಿದಾಗ, ಹಲವು ಪ್ರೊಸೆಸರುಗಳು ಒಂದೇ ಸಾಲಿನ ಬಾಗಿಲಲ್ಲಿ ನೂಕಾಡುವಂತಾಯಿತು. ಇದಕ್ಕೆ ಪರಿಹಾರವಾಗಿ ಯೆನ್ಸ್ ಆಕ್ಸ್‌ಬೋ ಮೊದಲಾದವರು ರೂಪಿಸಿದ ಬಹುಸಾಲು ಪದ್ಧತಿಯು 2014ರ ಜನವರಿಯ 3.13ನೆಯ ಆವೃತ್ತಿಯಲ್ಲಿ ಸೇರಿತು. ಸಾಮಾನ್ಯ ಡಿಸ್ಕುಗಳೆಲ್ಲ ಹಾದುಹೋಗುವ ಸ್ಕಸಿ ಎಂಬ ಪದರಕ್ಕೆ ಇದು ಅದೇ ವರ್ಷ ವಿಸ್ತರಿಸಿತಾದರೂ ಬೇಕೆಂದು ಕೇಳಿದವರಿಗೆ ಮಾತ್ರ ಲಭ್ಯವಾಗಿದ್ದಿತು. 2017ರಲ್ಲಿ 4.13ನೆಯ ಆವೃತ್ತಿಯ ಸಿದ್ಧತೆಯಲ್ಲಿ ಅದನ್ನು ಎಲ್ಲರಿಗೂ ವಿಧಿಸಲು ಯತ್ನಿಸಿ, ತೊಂದರೆಗಳು ಕಂಡುಬಂದುದರಿಂದ ಬಿಡುಗಡೆಗೆ ಮುನ್ನವೇ ಹಿಂದೆಗೆದುಕೊಳ್ಳಲಾಯಿತು. 2018ರ ಅಕ್ಟೋಬರ್ 22ರಂದು ಹೊರಬಂದ 4.19ರಲ್ಲಿ ಅದು ಕೊನೆಗೂ ರೂಢಿಯ ಹಾದಿಯಾಯಿತು. ನಾಲ್ಕು ವರ್ಷಗಳ ಉಮೇದುವಾರಿಕೆ. ಅವಸರವೆಂದು ಯಾರೂ ದೂರುವಂತಿರಲಿಲ್ಲ.

ನವೆಂಬರಿನಲ್ಲಿ ದೂರುಗಳು ಬರತೊಡಗಿದುವು. 4.19ನ್ನು ಹಾಕಿಕೊಂಡವರ ಫೈಲುಗಳು ಕೆಡುತ್ತಿದ್ದುವು. ಕೆಟ್ಟುದನ್ನು ಮೊದಲು ಹೇಳಿದುದು ಎಕ್ಸ್‌ಟ್-4 ಎಂಬ ಫೈಲ್ ಸಿಸ್ಟಂ. ಆದುದರಿಂದ ಅಪವಾದವೂ ಮೊದಲು ಅದರ ಮೇಲೆಯೇ ಬಂದಿತು. ಅದರ ಪಾಲಕರಾದ ಥಿಯೊಡರ್ ತ್ಸೋ ಅವರು ತಮ್ಮ ಪರೀಕ್ಷೆಗಳಲ್ಲಿ ಈ ದೋಷವನ್ನು ಮರುಕಳಿಸಲಾರದೆ ಹೋದರು. ಒಂದೇ ದೂರಿನ ಕೆಳಗೆ ಬೇರೆ ಬೇರೆ ಯಂತ್ರಗಳ, ಬೇರೆ ಬೇರೆ ಏರ್ಪಾಡುಗಳ ಜನ ತಂತಮ್ಮ ಊಹೆಗಳನ್ನು ಸೇರಿಸುತ್ತ ಹೋದುದರಿಂದ ಯಾವ ಸಾಕ್ಷ್ಯ ಯಾವ ರೋಗಕ್ಕೆ ಸೇರಿದುದೆಂದು ಬಿಡಿಸುವುದೇ ಕಷ್ಟವಾಯಿತು.

ಇಲ್ಲಿ ಅನುಸರಿಸಿದ ವಿಧಾನವನ್ನು ಸ್ವಲ್ಪ ವಿವರಿಸಬೇಕು. 4.18ಕ್ಕೂ 4.19ಕ್ಕೂ ನಡುವೆ ಸುಮಾರು 14,000 ಬದಲಾವಣೆಗಳು. ಅವುಗಳ ನಟ್ಟನಡುವಿನ ಒಂದು ಸ್ಥಿತಿಯನ್ನು ಕಟ್ಟಿ ಓಡಿಸಿ, ದೋಷ ಕಂಡರೆ ಮೊದಲ ಅರ್ಧವನ್ನೂ ಕಾಣದಿದ್ದರೆ ಎರಡನೆಯ ಅರ್ಧವನ್ನೂ ಹಿಡಿದು ಮತ್ತೆ ಇಬ್ಭಾಗಿಸುತ್ತ ಹೋದರೆ, ಹದಿನಾಲ್ಕು ಹೆಜ್ಜೆಗಳಲ್ಲಿ ಒಂದೇ ಬದಲಾವಣೆಗೆ ಬಂದು ನಿಲ್ಲಬಹುದು. ಲೆಕ್ಕದಲ್ಲಿ ಇದು ಸುಲಭ. ಆದರೆ ಈ ದೋಷ ಯಾವಾಗ ಬೇಕಾದರೂ ಬರಬಹುದಾದುದು, ಬಾರದೆಯೂ ಇರಬಹುದಾದುದು. ಕಂಡರೆ ಇದೆ ಎಂದು ನಿಶ್ಚಯವಾಗಿ ಹೇಳಬಹುದು. ಕಾಣದಿದ್ದರೆ ಇಲ್ಲವೆನ್ನುವುದು ಹೇಗೆ? ಸಮಕಾಲೀನ ಗ್ರಂಥದಲ್ಲಿ ಉಲ್ಲೇಖವಿಲ್ಲವೆಂಬುದರಿಂದ ಘಟನೆಯೇ ನಡೆಯಲಿಲ್ಲವೆಂದು ಸಾಧಿಸುವ ವಾದದ ದೌರ್ಬಲ್ಯವನ್ನು ನಮ್ಮ ತರಗತಿಗಳಲ್ಲಿ ಎಷ್ಟು ಸಲ ವಿವರಿಸಿಲ್ಲ! ದೋಷವನ್ನು ಬೇಗ ಹೊರಗೆಡಹುವಂತಹ ಕಠಿಣ ಪರೀಕ್ಷೆಯೊಂದು ಕೈಗೆ ಬಂದ ಮೇಲೆಯೇ ಈ ಇಬ್ಭಾಗಕ್ಕೆ ಬೆಲೆ ಬಂದಿತು. ಡಿಸೆಂಬರಿನ ಮೊದಲ ವಾರದಲ್ಲಿ, ದೂರು ಹೇಳಿದವರ ನೆರವಿನಿಂದಲೇ, ಶೋಧವು ಫೈಲ್ ಸಿಸ್ಟಮ್ಮನ್ನು ಬಿಟ್ಟು ಅದರ ಕೆಳಗಿನ ಬಹುಸಾಲು ಪದ್ಧತಿಯ ಒಂದು ಬದಲಾವಣೆಯ ಬಳಿ ನಿಂತಿತು.

ಆ ಬದಲಾವಣೆ ವೇಗಕ್ಕಾಗಿ ಮಾಡಿದುದು. ಬೇಡಿಕೆಗಳನ್ನು ಕ್ರಮಪಡಿಸುವ ಷೆಡ್ಯೂಲರ್ ಇಲ್ಲದೆ, ಡಿಸ್ಕಿನ ಕಡೆಯ ಸಾಲೂ ಬಿಡುವಾಗಿದ್ದರೆ, ಬೇಡಿಕೆಯನ್ನು ನಿಲ್ಲಿಸದೆ ನೇರವಾಗಿ ಕೆಳಕ್ಕೆ ಒಪ್ಪಿಸಬೇಕೆಂಬುದು ಅದರ ಸಾರ. ಗುಮಾಸ್ತನೊಬ್ಬನ ದೃಷ್ಟಾಂತದಿಂದ ದೋಷವನ್ನು ತಿಳಿಸಬಹುದು. ಒಂದು ಮೂಟೆ ಬಂದಿದೆ. ಗುಮಾಸ್ತನು ಅದರಲ್ಲಿರುವ ಸಾಮಾನುಗಳ ಪಟ್ಟಿಯನ್ನು ಬರೆದು ಮೂಟೆಗೆ ಕಟ್ಟಿದ. ಅಷ್ಟರಲ್ಲಿ ಗಾಡಿ ತೆರಪಿಲ್ಲವೆಂದು ತಿಳಿದು ಮೂಟೆಯನ್ನು ಮರಳಿ ಸಾಲಿನಲ್ಲಿಟ್ಟ. ಸಾಲಿನಲ್ಲಿದ್ದಾಗ ಅದೇ ಊರಿಗೆ ಹೋಗಬೇಕಾದ ಇನ್ನೊಂದು ಮೂಟೆಯನ್ನು ಬೇರೊಬ್ಬನು ಇದರೊಡನೆ ಸೇರಿಸಿ ಕಟ್ಟಿದ. ಪಟ್ಟಿ ಮಾತ್ರ ಹಳೆಯದೇ. ಗಾಡಿ ಬಂದಾಗ ಹಳೆಯ ಪಟ್ಟಿಯಲ್ಲಿದ್ದಷ್ಟೇ ಸಾಮಾನು ಹೋಯಿತು. ರಶೀದಿ ಮಾತ್ರ ಇಡೀ ಮೂಟೆಗೆ ಬಂದಿತು. ಸ್ಕಸಿ ಪದರವು ಬೇಡಿಕೆಗೆ ಮೊದಲೇ ಸಿದ್ಧಪಡಿಸಿಟ್ಟ ವಿಳಾಸಪಟ್ಟಿಯೇ ಈ ಹಳೆಯ ಪಟ್ಟಿ. ಒಮ್ಮೆ ನೇರವಾಗಿ ಒಪ್ಪಿಸಲು ಹೋಗಿ ಹಿಂದಿರುಗಿದ ಬೇಡಿಕೆಯನ್ನು ಇನ್ನೊಂದರೊಡನೆ ಕೂಡಿಸಬಾರದೆಂಬ ಆಕ್ಸ್‌ಬೋ ಅವರ ತಿದ್ದುಪಡಿಯು 4.19.8ರಲ್ಲಿ ಸೇರಿತು.

ಈ ಘಟನೆಯಲ್ಲಿ ಯಾವ ಹಂತದಲ್ಲಿಯೂ 'ಪರೀಕ್ಷಾರ್ಥ' ಎಂಬ ಮಾತು ಬರಲಿಲ್ಲವೆಂಬುದನ್ನು ಗಮನಿಸಬೇಕು. ಜನರು ಹಾಕಿಕೊಂಡಿದ್ದುದು ಸ್ಥಿರವೆಂದು ಹೊರಬಂದ ಆವೃತ್ತಿ. ಪದ್ಧತಿ ಹಳೆಯದಾಗಿದ್ದರೂ ಅದರೊಳಗಿನ ಒಂದು ಬದಲಾವಣೆ ಹೊಸದಾಗಿದ್ದಿತು. ಆ ಬದಲಾವಣೆಯೂ, ಪದ್ಧತಿ ಎಲ್ಲರ ಹಾದಿಯಾದುದೂ ಒಂದೇ ಆವೃತ್ತಿಯಲ್ಲಿ ಕೂಡಿಬಂದುವು. ಹಣೆಪಟ್ಟಿಯು ಬರೆದವರ ಅಭಿಪ್ರಾಯವನ್ನು ಹೇಳುವುದು. ಎಷ್ಟು ಬಗೆಯ ಯಂತ್ರಗಳು ಅದಕ್ಕೆ ಸಾಕ್ಷಿಯಾಗಿವೆ ಎಂಬುದನ್ನು ಹೇಳದು. ಡಿಸ್ಕ್ ಡ್ರೈವರಿನ ನಿಜವಾದ ಪರೀಕ್ಷೆ ಅನೇಕ ವೇಳೆ ಹಣೆಪಟ್ಟಿ ಕಳಚಿದ ದಿನ ಆರಂಭವಾಗುವುದೆಂದೇ ನನ್ನ ಅಭಿಪ್ರಾಯ.

ಹಾಗೆಂದು ಹಣೆಪಟ್ಟಿಯುಳ್ಳವು ಎಲ್ಲವೂ ನಿರಪಾಯವೆಂದಲ್ಲ. ಹಳೆಯ ಐಡಿಇ ಡಿಸ್ಕುಗಳಿಗಾಗಿ 2006ರಲ್ಲಿ 2.6.19ರೊಡನೆ ಬಂದ ಹೊಸ ಡ್ರೈವರುಗಳು ಪರೀಕ್ಷಾರ್ಥವೆಂದೇ ಬಂದು, ಹಳೆಯವುಗಳೊಡನೆ ಒಟ್ಟಿಗೆ ಬಾಳಿ, 2021ರ 5.14ರಲ್ಲಿ ಹಳೆಯವು ಹೊರಹೋದ ಮೇಲೆ ಏಕೈಕ ವಾರಸುದಾರರಾದುವು. ಇದು ಸುಖಾಂತ. ಇನ್ನೊಂದೆಡೆ ಬಿಕ್ಯಾಷ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ 2024ರ ಜನವರಿಯಲ್ಲಿ ಪರೀಕ್ಷಾರ್ಥವಾಗಿ ಸೇರಿ, ಕೆಲಸದ ಕ್ರಮವನ್ನು ಕುರಿತ ತೀವ್ರ ವಿವಾದದ ನಂತರ 2025ರ 6.18ರಲ್ಲಿ ಕರ್ನೆಲ್ಲಿನಿಂದ ಹೊರಬಿದ್ದಿತು.

ವಿದ್ವಾಂಸರ ಪರಿಶೀಲನೆಗಳೂ ಒಂದೇ ಮಾತನ್ನು ಹೇಳುವುದಿಲ್ಲ. 2001ರಲ್ಲಿ ಸ್ಟ್ಯಾನ್‌ಫರ್ಡಿನ ಆಂಡಿ ಚೌ ಮತ್ತು ಸಂಗಡಿಗರು ಲಿನಕ್ಸ್ ಡ್ರೈವರುಗಳಲ್ಲಿ ತಪ್ಪಿನ ಪ್ರಮಾಣವು ಕರ್ನೆಲ್ಲಿನ ಉಳಿದ ಭಾಗಗಳಿಗಿಂತ ಮೂರರಿಂದ ಏಳುಪಟ್ಟು ಹೆಚ್ಚೆಂದು ತೋರಿಸಿದರು. ಹತ್ತು ವರ್ಷಗಳ ಮೇಲೆ, 2011ರಲ್ಲಿ, ನಿಕೊಲಾ ಪಾಲಿ ಮೊದಲಾದವರು ಅದೇ ಶೋಧನೆಯನ್ನು ಮತ್ತೆ ನಡೆಸಿದಾಗ ಡ್ರೈವರುಗಳ ಆ ಅಪಕೀರ್ತಿ ಬಹುಮಟ್ಟಿಗೆ ಹೋಗಿದ್ದಿತು. ಆದರೆ ಎರಡೂ ಪರಿಶೀಲನೆಗಳು ಪ್ರೋಗ್ರಾಮಿನ ಬರವಣಿಗೆಯನ್ನು ಯಂತ್ರದಿಂದ ಓದಿಸಿ ಗೊತ್ತಾದ ಕೆಲವು ಬಗೆಯ ತಪ್ಪುಗಳನ್ನು ಎಣಿಸಿದುವು. ಮೂಟೆಯ ಕಥೆಯಂತಹ, ಎರಡು ಪದರಗಳ ನಡುವಿನ ತಪ್ಪು ತಿಳಿವಳಿಕೆ ಆ ಎಣಿಕೆಗೆ ಸಿಕ್ಕುವಂತಹುದಲ್ಲ. ಡ್ರೈವರೆಲ್ಲ ಸರಿಯಾಗಿದ್ದರೂ ಡಿಸ್ಕಿನ ಕಡೆಯಿಂದಲೇ ಮೌನವಾದ ಕೇಡು ಬರುವುದುಂಟು: 15.3 ಲಕ್ಷ ಡಿಸ್ಕುಗಳನ್ನು 41 ತಿಂಗಳ ಕಾಲ ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚೆಕ್‌ಸಮ್ ತಾಳೆಯಾಗದ ಪ್ರಸಂಗಗಳು 4 ಲಕ್ಷಕ್ಕೂ ಮಿಕ್ಕಿ ಕಂಡುಬಂದುವು.

ಚೆಕ್‌ಸಮ್ ಎಂದರೆ ಫೈಲಿನ ಎಲ್ಲ ಅಂಶಗಳಿಂದ ಲೆಕ್ಕಹಾಕಿ ತೆಗೆದ ಒಂದು ಸಂಖ್ಯೆ. ಒಂದು ಬಿಟ್ಟು ಬದಲಾದರೂ ಅದು ಬದಲಾಗುವುದು. ಎಕ್ಸ್‌ಟ್-4 ತನ್ನ ಆಡಳಿತದ ವಿವರಗಳಿಗೆ ಚೆಕ್‌ಸಮ್ ಇಡಬಲ್ಲುದು, ನಮ್ಮ ಬರಹಕ್ಕೆ ಇಡದು. ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್‌ಗಳು ಬರಹಕ್ಕೂ ಇಡುವುವು. ಯಾವುದನ್ನು ಬಳಸಿದರೂ, ಛಾಯಾಚಿತ್ರಗಳನ್ನು ಡಿಸ್ಕಿಗೆ ಹಾಕುವ ವಿದ್ಯಾರ್ಥಿಯು ಕ್ಯಾಮೆರಾದ ಕಾರ್ಡಿನಲ್ಲಿರುವಾಗಲೇ ಪ್ರತಿಯೊಂದಕ್ಕೂ ಶಾ-256 ಎಂಬ ಪದ್ಧತಿಯ ಸಂಖ್ಯೆಯನ್ನು ತೆಗೆದು, ಆ ಪಟ್ಟಿಯನ್ನು ಬೇರೆ ಕಡೆ ಇಟ್ಟುಕೊಳ್ಳಬಹುದು. ಬ್ಯಾಕಪ್ಪಿನ ಹಳೆಯ ತಲೆಮಾರುಗಳಲ್ಲಿ ಕೆಲವನ್ನಾದರೂ ಅಳಿಸದೆ ಉಳಿಸಬೇಕು. ತಾಳೆ ನೋಡುವಾಗ ಒಂದು ಮೋಸಕ್ಕೆ ಎಚ್ಚರವಿರಬೇಕು: ನಕಲು ಮುಗಿದ ಕೂಡಲೇ ಓದಿದರೆ ಕರ್ನೆಲ್ ಡಿಸ್ಕಿನವರೆಗೆ ಹೋಗದೆ ತನ್ನ ಸ್ಮೃತಿಯಲ್ಲಿರುವ ಪ್ರತಿಯನ್ನೇ ಕೊಡಬಹುದು, ಎಲ್ಲವೂ ತಾಳೆಯಾಗಿಯೇ ತೋರುವುದು. ಡಿಸ್ಕನ್ನು ಕಳಚಿ, ಸಾಧ್ಯವಾದರೆ ಬೇರೆ ಆವೃತ್ತಿಯ ಕರ್ನೆಲ್ ಇರುವ ಇನ್ನೊಂದು ಯಂತ್ರಕ್ಕೆ ಹಾಕಿ, ಅಲ್ಲಿ ಓದಿಸಿ ತಾಳೆ ನೋಡತಕ್ಕದ್ದು. ಕ್ಯಾಮೆರಾದ ಕಾರ್ಡನ್ನು ಅಳಿಸುವುದು ಅದಾದ ಮೇಲೆ.