ಕಾಮಾಲೆಯ ಮದ್ದು: ಗುಣವೂ ಪ್ರಮಾಣವೂ

ಮೊಗುಡಂಪಲ್ಲಿಯ ಸುತ್ತಲಿನ ಊರುಗಳಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಅಂಗಳದಲ್ಲಿ ಕೇಳಿಬರುವಂತೆ, ಒಂದೇ ಮನೆಯ ಗೂಡಿನಲ್ಲಿ ನಾಟಿ ಮದ್ದು, ಆಯುರ್ವೇದದ ಲೇಹ್ಯ, ಯುನಾನಿ ಶರಬತ್ತು, ಇಂಗ್ಲಿಷ್ ಗುಳಿಗೆಗಳು ಜೊತೆಜೊತೆಯಾಗಿ ಇರುತ್ತವೆ. ರೋಗ ವಾಸಿಯಾದರೆ ಕೀರ್ತಿ ಸಾಮಾನ್ಯವಾಗಿ ಕೊನೆಯಲ್ಲಿ ಸೇವಿಸಿದ ಮದ್ದಿಗೆ ಸಲ್ಲುತ್ತದೆ. ಈ ಸುವರ್ಣ ಮಹೋತ್ಸವದ ಸಂಚಿಕೆಗೆ ಆರೋಗ್ಯದ ವಿಷಯವಾಗಿ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನನಗೆ ಮೊದಲು ತೋಚಿದ್ದು ಕಾಮಾಲೆ.

ಕಾಮಾಲೆಯೆಂದೊಡನೆ ನಮ್ಮವರಿಗೆ ನೆನಪಾಗುವುದು ನೆಲನೆಲ್ಲಿ. ಗಿಡವನ್ನು ಅರೆದು, ಮಜ್ಜಿಗೆಯಲ್ಲಿ ಕದಡಿ, ಪಥ್ಯ ಹೇಳಿ ಕೊಡುತ್ತಾರೆ. ಕುಡಿದವರಲ್ಲಿ ಬಹುಮಂದಿ ಗುಣಮುಖರಾಗುವುದೂ ನಿಜವೇ. ಆದರೆ ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ 'ಎ' ಕಾಮಾಲೆಯು ಮದ್ದಿಲ್ಲದೆಯೂ ಕೆಲವು ವಾರಗಳಲ್ಲಿ ಬಹುಪಾಲು ತಾನಾಗಿಯೇ ಇಳಿಯುವಂಥದು. ಆದಕಾರಣ ಕುಡಿದವರನ್ನಷ್ಟೇ ಎಣಿಸಿದರೆ ಸಾಲದು, ಕುಡಿಯದವರನ್ನೂ ಎಣಿಸಬೇಕು.

ಹಾಗೆ ಎಣಿಸಿದವರೂ ಉಂಟು. ಮದರಾಸಿನ ಡಾ. ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ರಕ್ತದಲ್ಲಿ ಹೆಪಟೈಟಿಸ್ 'ಬಿ' ವೈರಾಣುವನ್ನು ಹೊತ್ತವರಿಗೆ 30 ದಿನ ನೆಲನೆಲ್ಲಿಯ ಪುಡಿಯನ್ನು, ಇನ್ನೊಂದು ಗುಂಪಿಗೆ ಹುಸಿ ಮದ್ದನ್ನು ಕೊಟ್ಟರು. ಪುಡಿ ಸೇವಿಸಿದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಾಣುವಿನ ಗುರುತು ಅಳಿದಿತ್ತು, ಹುಸಿ ಮದ್ದಿನ 23 ಜನರಲ್ಲಿ ಒಬ್ಬರಲ್ಲಿ ಮಾತ್ರ. 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನೊಬೆಲ್ ಪುರಸ್ಕೃತ ಬ್ಲುಂಬರ್ಗ್ ಅವರೂ ಪಾಲುಗೊಂಡಿದ್ದರು. ನಮ್ಮ ಹಿತ್ತಲ ಗಿಡಕ್ಕೆ ದೊರೆತ ಮನ್ನಣೆಯೆಂದು ಯಾರಾದರೂ ಹಿಗ್ಗಬಹುದು! ಆದರೆ ಬೇರೆಡೆಗಳಲ್ಲಿ ಮತ್ತೆ ನಡೆಸಿದ ಪರೀಕ್ಷೆಗಳಲ್ಲಿ ಅಂಥ ಫಲ ಕಾಣಲಿಲ್ಲ. ಒಂದು ಪರೀಕ್ಷೆ ಗೆದ್ದ ಮಾತ್ರಕ್ಕೆ ಮದ್ದು ಸಿದ್ಧವಾಯಿತೆನ್ನಲಾಗದು.

ಹಾಗೆಂದು ಗಿಡಮೂಲಿಕೆಯನ್ನು ಹೀಗಳೆಯುವವನು ನಾನಲ್ಲ. ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ಇಳಿಸುವುದೆಂಬುದನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಲೋಕಕ್ಕೆ ತೋರಿಸಿಕೊಟ್ಟರು. ಇತ್ತ ಇಂಗ್ಲಿಷ್ ವೈದ್ಯವೂ ಪರೀಕ್ಷೆಯಲ್ಲಿ ಸೋತದ್ದುಂಟು. ಹೃದಯಾಘಾತದ ನಂತರ ಎದೆಬಡಿತದ ಏರುಪೇರನ್ನು ಅಡಗಿಸಲೆಂದು ನಂಬಿಕೆಯಿಂದ ಕೊಡುತ್ತಿದ್ದ ಕೆಲವು ಗುಳಿಗೆಗಳನ್ನು ಹುಸಿ ಮದ್ದಿನೊಡನೆ ಹೋಲಿಸಿದಾಗ, ಗುಳಿಗೆ ನುಂಗಿದವರಲ್ಲೇ ಸಾವು ಹೆಚ್ಚೆಂದು 1989ರಲ್ಲಿ ತಿಳಿದುಬಂತು. ಬಡಿತವೇನೋ ಸರಿಯಾಗಿತ್ತು, ರೋಗಿ ಉಳಿಯಲಿಲ್ಲ.

ನನ್ನ ಚಿಂತೆ ನೆಲನೆಲ್ಲಿಯ ಬಗೆಗಲ್ಲ, ಅದರ ಹೆಸರಿನಲ್ಲಿ ಕಳೆದುಹೋಗುವ ದಿನಗಳ ಬಗೆಗೆ. ಕಾಮಾಲೆಯು ಒಂದೇ ರೋಗವಲ್ಲ. ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಅಡ್ಡವಾದರೂ ಕಣ್ಣು ಹಳದಿಯಾಗುತ್ತದೆ. ಆಗ ಮಲ ಬಿಳಿಚುತ್ತದೆ, ಮೈ ತುರಿಸುತ್ತದೆ. ಮಂಪರು, ತಪ್ಪುಮಾತು, ರಕ್ತಸ್ರಾವ ಕಂಡರೆ ಯಕೃತ್ತು ಸೋಲುತ್ತಿದೆಯೆಂದೇ ಅರ್ಥ. ಗರ್ಭಿಣಿಯರಿಗೆ ಹೆಪಟೈಟಿಸ್ 'ಇ' ಪ್ರಾಣಾಂತಿಕವಾಗಬಲ್ಲದು. ಇಂಥವರಿಗೆ ಪಥ್ಯ ಮುಗಿಯುವವರೆಗೆ ಕಾಯುವಷ್ಟು ಸಮಯವಿರುವುದಿಲ್ಲ. ಕೈಗೆ ಬರೆ ಹಾಕಿಸುವುದಂತೂ ಬೇಡವೇ ಬೇಡ.

ಹೆಪಟೈಟಿಸ್ 'ಬಿ'ಗೆ ಲಸಿಕೆಯಿದೆ. ನಮ್ಮ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯೇ 1997ರಲ್ಲಿ ಅದನ್ನು ದೇಶದಲ್ಲಿ ತಯಾರಿಸಿ ಅಗ್ಗದ ಬೆಲೆಗೆ ತಂದಿತು. ಮೊದಲ ಚುಚ್ಚುಮದ್ದನ್ನು ಮಗು ಹುಟ್ಟಿದ 24 ಗಂಟೆಗಳೊಳಗೆ ಕೊಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಹಣ ತೆರಬೇಕಾಗಿಲ್ಲ.