ನಿಮಗಿದು ಗೊತ್ತೇ? ಕಂಟ್ರಾಕ್ಟರನ ಬಾಕಿಗೆ ನಿಮ್ಮ ಮನೆ ಜಾಮೀನು!

● ಅಮೆರಿಕದಲ್ಲಿ ಕಂಟ್ರಾಕ್ಟರನಿಗೆ ಪೂರ್ತಿ ಹಣ ಕೊಟ್ಟಮೇಲೂ ಮನೆಯ ಮೇಲೆ ಬಾಕಿ ಕೂರಬಹುದು. ಅವನು ಮರದ ಡಿಪೋಗೋ ಪ್ಲಂಬರಿಗೋ ಕೈಕೊಟ್ಟರೆ, ಅವರು ನಿಮ್ಮ ಮನೆಯನ್ನೇ ಹಿಡಿಯುತ್ತಾರೆ. ಈ ಹಕ್ಕೇ ‘ಮೆಕ್ಯಾನಿಕ್ಸ್ ಲೀನ್’.

● ಹೆಸರು ಕೇಳಿ ಗ್ಯಾರೇಜು ನೆನಪಾಯಿತೇ? ಇಲ್ಲಿ ಮೆಕ್ಯಾನಿಕ್ ಎಂದರೆ ಗಾರೆಯವನು, ಬಡಗಿ, ಒಟ್ಟಿನಲ್ಲಿ ಕೈಕಸುಬಿನವನು.

● ಅಲ್ಲಿನ ಮೊದಲ ಲೀನ್ ಕಾಯ್ದೆ ಮಾಡಿದ್ದು ಮೇರಿಲ್ಯಾಂಡ್, 1791ರಲ್ಲಿ. ಹೊಸ ರಾಜಧಾನಿ ವಾಷಿಂಗ್ಟನ್ ಕಟ್ಟಲು ಕೆಲಸಗಾರರು ಧೈರ್ಯವಾಗಿ ಬರಲೆಂದು!

● ಕ್ಯಾಲಿಫೋರ್ನಿಯಾದಲ್ಲಂತೂ ಈ ಹಕ್ಕು ರಾಜ್ಯದ ಸಂವಿಧಾನದಲ್ಲೇ ಇದೆ.

● ಅಲ್ಲಿ ಉಪಗುತ್ತಿಗೆದಾರರು, ಸಾಮಾನು ಒದಗಿಸಿದವರು ತಮ್ಮ ಕೆಲಸ ಶುರುವಾದ 20 ದಿನದೊಳಗೆ ಮನೆಯೊಡೆಯನಿಗೆ ನೋಟಿಸ್ ಕೊಡುತ್ತಾರೆ. ಗಾಬರಿ ಬೇಡ. ಯಾರಿಗೆಲ್ಲ ಹಣ ಸೇರಬೇಕೆಂಬ ಪಟ್ಟಿ ಅದರಿಂದಲೇ ಸಿಗುತ್ತದೆ.

● ಕಂತು ಕೊಡುವಾಗ ಆ ಪಟ್ಟಿಯವರೆಲ್ಲರಿಂದ ‘ಲೀನ್ ಬಿಟ್ಟುಕೊಟ್ಟೆ’ ಎಂಬ ಪತ್ರ ಕೇಳಬಹುದು. ಷರತ್ತಿನ ಪತ್ರಕ್ಕೆ ಹಣ ಕೈಸೇರಿದ ಮೇಲಷ್ಟೇ ಬೆಲೆ. ಬೇಷರತ್ ಪತ್ರಕ್ಕೆ ಸಹಿ ಬಿದ್ದ ಕ್ಷಣದಿಂದಲೇ.

● ಕೊಟ್ಟವನು ಕೋಡಂಗಿ ಆಗದಿರಲೆಂದು ಕ್ಯಾಲಿಫೋರ್ನಿಯಾದಲ್ಲಿ ಅಡ್ವಾನ್ಸಿಗೂ ಲಗಾಮಿದೆ. ಮನೆ ರಿಪೇರಿ, ನವೀಕರಣಕ್ಕೆ 1,000 ಡಾಲರ್ ಅಥವಾ ಒಟ್ಟು ಮೊತ್ತದ ಶೇ 10, ಯಾವುದು ಕಡಿಮೆಯೋ ಅಷ್ಟೇ. 50,000 ಡಾಲರಿನ ಅಡುಗೆಮನೆಗೂ ಮುಂಗಡ ಸಾಮಾನ್ಯವಾಗಿ 1,000 ಡಾಲರ್ ಮಾತ್ರ!

● ಅಲ್ಲಿ ಲೀನ್ ನೋಂದಾಯಿಸಿ ಸುಮ್ಮನೆ ಕೂರುವಂತಿಲ್ಲ. 90 ದಿನದೊಳಗೆ ದಾವೆ ಹೂಡದಿದ್ದರೆ ಅದರ ಆಟ ಸಾಮಾನ್ಯವಾಗಿ ಮುಗಿಯಿತು.

● ಲೈಸೆನ್ಸ್ ಬೇಕಾದ ಕೆಲಸವನ್ನು ಲೈಸೆನ್ಸಿಲ್ಲದೆ ಮಾಡಿದವನು ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಕ್ಯಾಲಿಫೋರ್ನಿಯಾ ಕೋರ್ಟಿನಲ್ಲಿ ಕೂಲಿ ಕೇಳುವಂತಿಲ್ಲ.

● ಟೆಕ್ಸಾಸಿನಲ್ಲಿ ವಾಸದ ಮನೆಯ ಮೇಲೆ ಲೀನ್ ಬೇಕೆಂದರೆ ಕೆಲಸಕ್ಕೆ ಮೊದಲೇ ಲಿಖಿತ ಕರಾರು ಆಗಿರಬೇಕು. ಮದುವೆಯಾದವರಾದರೆ ಗಂಡ-ಹೆಂಡತಿ ಇಬ್ಬರ ಸಹಿಯೂ ಬೇಕು!

● ನಮ್ಮಲ್ಲಿ? ಭಾರತೀಯ ಕರಾರು ಕಾಯ್ದೆ, 1872ರ 170ನೇ ಸೆಕ್ಷನ್ ಪ್ರಕಾರ ಹೊಲಿಗೆ ಕೂಲಿ ಕೊಡುವತನಕ ದರ್ಜಿ ನಿಮ್ಮ ಕೋಟು ಇಟ್ಟುಕೊಳ್ಳಬಹುದು. ಆದರೆ ಅದು ಚರ ವಸ್ತುಗಳಿಗಷ್ಟೇ. ಬೆಂಗಳೂರಿನಲ್ಲಿ ಮನೆ ಕಟ್ಟಿದ ಮೇಸ್ತ್ರಿಗೆ ಆ ಸೆಕ್ಷನ್ ಒದಗದು. ಬಾಕಿಗಾಗಿ ಅವನು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು.